ಉಸ್ತಾದರ ಗ್ಯಾರೇಜಿನಿಂದ ಐ.ಟಿ.ಐ. ಗೇಟಿನವರೆಗೆ: ನಮ್ಮ ನಾಡಿನ ಕೌಶಲ ತರಬೇತಿಯ ಕಥೆ



‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವೆಲ್ಲರೂ ಶಾಲೆಯಲ್ಲಿ ವಿಸ್ತರಿಸಿ ಬರೆದವರೇ. ಪ್ರತಿ ವರ್ಷ ನಾನೂ ಮಕ್ಕಳಿಂದ ಬರೆಸುತ್ತೇನೆ. ಆದರೆ ಕೈ ಕೆಸರು ಮಾಡಿಕೊಂಡ ಎಲ್ಲರಿಗೂ ಮೊಸರು ಏಕೆ ಸಿಗುವುದಿಲ್ಲ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ನನಗೆ ಕೇಳಿದವನು ನನ್ನದೇ ಒಬ್ಬ ಹಳೆಯ ವಿದ್ಯಾರ್ಥಿ.

ಒಂದು ದಿನ ಶಾಲೆಯಿಂದ ಬರುವಾಗ ನನ್ನ ಸ್ಕೂಟರ್ ದಾರಿಯಲ್ಲಿ ನಿಂತುಹೋಯಿತು. ತಳ್ಳಿಕೊಂಡು ಹತ್ತಿರದ ಗ್ಯಾರೇಜಿಗೆ ಹೋದೆ. ಗ್ರೀಸು ಮೆತ್ತಿದ ಕೈಗಳನ್ನು ಒರೆಸಿಕೊಳ್ಳುತ್ತಾ ಬಂದ ಹುಡುಗ ‘ಅಸ್ಸಲಾಮು ಅಲೈಕುಂ ಸರ್’ ಎಂದ. ಎರಡು ವರ್ಷದ ಹಿಂದೆ ಒಂಬತ್ತನೇ ತರಗತಿಯಿಂದ ಶಾಲೆ ಬಿಟ್ಟವನು. ಕಿಕ್ ಹೊಡೆದು ಶಬ್ದ ಕೇಳಿದ ಮಾತ್ರಕ್ಕೇ ದೋಷ ಎಲ್ಲಿದೆ ಎಂದು ಹೇಳಿದ. ಹತ್ತು ನಿಮಿಷದಲ್ಲಿ ಗಾಡಿ ಸರಿಯಾಯಿತು. ‘ಇಷ್ಟು ಚೆನ್ನಾಗಿ ಕಲಿತಿದ್ದೀಯಲ್ಲ, ಐ.ಟಿ.ಐ. ಸೇರಬಾರದಾ?’ ಎಂದು ಕೇಳಿದೆ.

‘ಹೋಗಿದ್ದೆ ಸರ್. ಮೋಟಾರ್ ಮೆಕ್ಯಾನಿಕ್ ಟ್ರೇಡಿಗೆ ಹತ್ತನೇ ಕ್ಲಾಸ್ ಪಾಸಾಗಿರಬೇಕು ಅಂದ್ರು. ಇಂಜಿನ್ ಬಿಚ್ಚಿ ಜೋಡಿಸಿ ತೋರಿಸ್ತೀನಿ ಅಂದೆ. ನಕ್ಕು ಕಳಿಸಿದ್ರು’ ಎಂದ.

ಅವನ ಮಾತು ನನಗೆ ಚುಚ್ಚಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅವನನ್ನು ಶಾಲೆ ಬಿಡಿಸಲು ಅವನ ಅಬ್ಬಾ ಬಂದಿದ್ದ ದಿನ ನಾನು ಬಹಳ ವಾದ ಮಾಡಿರಲಿಲ್ಲ. ‘ಓದಿನಲ್ಲಿ ಮನಸ್ಸಿಲ್ಲ, ಕೈಗೊಂದು ಹುನರ್ ಆದರೂ ಸಿಗಲಿ’ ಎಂದು ನಾನೇ ಹೇಳಿದ್ದೆ. ಹುನರ್ ಸಿಕ್ಕಿತು, ಗೇಟು ಮಾತ್ರ ತೆರೆಯಲಿಲ್ಲ. ಈ ಗೇಟನ್ನು ಯಾರು, ಯಾವಾಗ, ಏಕೆ ಕಟ್ಟಿದರು? ಅದರೊಳಗೆ ಯಾರು ಹೋದರು, ಯಾರು ಹೊರಗೆ ಉಳಿದರು? ಈ ಪ್ರಶ್ನೆಗಳಿಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿದೆ.

ಉಸ್ತಾದ್ ಮತ್ತು ಶಾಗಿರ್ದ್

ಕನ್ನಡದಲ್ಲಿ ನಾವು ದಿನವೂ ಬಳಸುವ ಕಾರ್ಖಾನೆ, ದರ್ಜಿ, ಕಾರೀಗರ ಎಂಬ ಪದಗಳು ಪಾರಸಿಯಿಂದ ಬಂದವು. ಮೇಸ್ತ್ರಿ ಎಂಬುದು ಪೋರ್ಚುಗೀಸ್ ಪದ. ಕಸುಬಿನ ಜೊತೆಗೆ ಪದಗಳೂ ಊರಿಂದೂರಿಗೆ ಸಾಗಿ ಬಂದಿವೆ ಎಂಬುದಕ್ಕೆ ಇವೇ ಸಾಕ್ಷಿ.

ಕಾರ್ಖಾನೆಗಳು ಬರುವ ಮುನ್ನ ತರಬೇತಿ ಎಂದರೆ ಮನೆಯೇ. ಬೀದರಿನ ಬಿದ್ರಿ ಕಲೆಯನ್ನು ನೋಡಿ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಅದರ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರಿಸುತ್ತಾರೆ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆ ಎಂಬುದನ್ನು ಪಳಗಿದ ಕೈಯೇ ಹೇಳಬೇಕು. ತಂದೆಯ ಪಕ್ಕದಲ್ಲಿ ಕುಳಿತು ಮಗ ಕಲಿಯುತ್ತಿದ್ದ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರು ಹೀಗೆಯೇ ತಂದೆಯಿಂದ ಈ ಕಲೆಯನ್ನು ಕಲಿತವರು. 2023ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಚನ್ನಪಟ್ಟಣದ ಅರಗಿನ ಗೊಂಬೆ, ಮೈಸೂರಿನ ಬೀಟೆ ಮರದ ಕೆತ್ತನೆ, ರಾಮನಗರದ ರೇಷ್ಮೆ ನೂಲು ಬಿಚ್ಚುವ ಕೆಲಸ, ಇವೆಲ್ಲವೂ ಬಹುಕಾಲ ಹೀಗೆಯೇ ಕೈಯಿಂದ ಕೈಗೆ ದಾಟಿದವು.

ಈ ಪದ್ಧತಿಯ ಗುಣ ದೊಡ್ಡದು. ಶುಲ್ಕವಿಲ್ಲ, ಪುಸ್ತಕವಿಲ್ಲ, ಕೆಲಸವೇ ಪಾಠ. ಆದರೆ ದೋಷವೂ ಇತ್ತು. ಉಸ್ತಾದರ ಮಗನಿಗೆ ಸಿಕ್ಕಿದ್ದು ಪಕ್ಕದ ಬೀದಿಯ ಹುಡುಗನಿಗೆ ಸಿಗುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಇನ್ನೂ ಕಡಿಮೆ. ಉಸ್ತಾದರಿಗೆ ಗೊತ್ತಿದ್ದಷ್ಟೇ ಶಾಗಿರ್ದನಿಗೆ ಗೊತ್ತಾಗುತ್ತಿತ್ತು. ಕಸುಬಿನಲ್ಲಿ ಹೊಸ ಯಂತ್ರ ಬಂದಾಗ ಇಬ್ಬರೂ ಒಟ್ಟಿಗೆ ಹಿಂದೆ ಬೀಳುತ್ತಿದ್ದರು.

ಮೈಸೂರು ಸಂಸ್ಥಾನದ ಪ್ರಯೋಗ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೂ ದೀಪ ಬಂತು. ದೀಪ ಬಂದರೆ ಅದನ್ನು ನೋಡಿಕೊಳ್ಳುವ ಜನ ಬೇಕು. ತಂತಿ ಎಳೆಯಲು, ಮೋಟಾರು ಸುತ್ತಲು, ಪಂಪು ಕೂರಿಸಲು ತಿಳಿದವರು ಬೇಕು. ಇಂತಹ ಕೆಲಸಕ್ಕೆ ಯಾವ ಮನೆತನದಲ್ಲಿಯೂ ಉಸ್ತಾದರು ಇರಲಿಲ್ಲ.

1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಪ್ರಾರಂಭವಾಯಿತು. ಅದರಲ್ಲಿ ಮೂರು ಸಮಿತಿಗಳಿದ್ದವು: ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ, ಹಾಗೂ ಶಿಕ್ಷಣ. ಹಣಕಾಸಿನ ವಿಚಾರ ಮಾತಾಡುವ ಸಭೆಯಲ್ಲಿ ಶಿಕ್ಷಣಕ್ಕೆ ಏನು ಕೆಲಸ ಎಂದು ನೀವು ಕೇಳಬಹುದು. ಆ ಸಮ್ಮೇಳನದ ಹಿಂದಿನ ಶಕ್ತಿಯಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಎರಡೂ ಬೇರೆ ಬೇರೆ ವಿಷಯಗಳಾಗಿರಲಿಲ್ಲ. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದಾಗ ನಡೆದ ಕೆಲಸಗಳ ಕ್ರಮವನ್ನು ಗಮನಿಸಿ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ಇದರ ನಡುವೆಯೇ ಬ್ಯಾಂಕು, ಕಾರ್ಖಾನೆಗಳೂ ಬಂದವು.

ಒಂದು ಉದಾಹರಣೆ ಸಾಕು. ಮೊದಲನೇ ಮಹಾಯುದ್ಧದಿಂದ ಮೈಸೂರಿನ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತುಹೋಯಿತು. ಗಂಧದ ಕೊರಡು ಇಲ್ಲಿಯೇ ರಾಶಿ ಬಿತ್ತು. ಆಗ 1916ರಲ್ಲಿ ಇಲ್ಲಿಯೇ ಗಂಧದ ಎಣ್ಣೆ ತೆಗೆಯಲು ಪ್ರಾರಂಭಿಸಿದರು. ಎಣ್ಣೆಯಿಂದ ಸಾಬೂನು ಮಾಡುವ ಯೋಚನೆ ಬಂದಾಗ ಎಸ್.ಜಿ. ಶಾಸ್ತ್ರಿ ಎಂಬ ರಸಾಯನ ಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನು ತಯಾರಿಕೆ ಕಲಿಸಿದರು. ಅವರು ಹಿಂತಿರುಗಿ ಬಂದು ಕಟ್ಟಿದ್ದೇ ಇಂದಿಗೂ ನಮ್ಮ ಮನೆಗಳಲ್ಲಿರುವ ಮೈಸೂರು ಸ್ಯಾಂಡಲ್ ಸೋಪು. ಕಚ್ಚಾ ಮಾಲು ನಮ್ಮಲ್ಲಿತ್ತು. ಕಲಿತು ಬಂದ ಒಬ್ಬ ಮನುಷ್ಯನಿಂದ ಅದಕ್ಕೆ ಬೆಲೆ ಬಂತು.

ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೂ ಈ ಹಟವನ್ನು ಬಿಡಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಿದ್ದಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ವೃತ್ತಿ ಶಿಕ್ಷಣದ ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರನ್ನು ಇಡುವುದು ಬೇಡವೆಂದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್.

ಮಿರ್ಜಾ ಸಾಹೇಬರ ಕಾಲ ಮತ್ತು ಯುದ್ಧ

1926ರಿಂದ 1941ರವರೆಗೆ ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದರು. ನಮ್ಮ ಮಕ್ಕಳಿಗೆ ಅವರು ಉದ್ಯಾನಗಳಿಂದ, ಬೃಂದಾವನದಿಂದ ಮಾತ್ರ ಗೊತ್ತು. ಆದರೆ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, 1936ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ ಮತ್ತು ಬೆಂಗಳೂರಿನ ಮೈಸೂರು ಲ್ಯಾಂಪ್ಸ್ ಬಂದದ್ದು ಅವರ ಕಾಲದಲ್ಲಿಯೇ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಬೆಂಗಳೂರಿಗೆ ಬರಮಾಡಿಕೊಂಡವರೂ ಮಿರ್ಜಾ ಅವರೇ. ಆ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು.

ಬೆಂಗಳೂರನ್ನು ಏಕೆ ಆರಿಸಿದರು? ಭೂಮಿ, ವಿದ್ಯುತ್, ಹವೆ ಎಲ್ಲವೂ ಕಾರಣವೇ. ಜೊತೆಗೆ ಇಲ್ಲಿ ಎಂಜಿನಿಯರಿಂಗ್ ಕಾಲೇಜಿತ್ತು, 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು. 1942ರಲ್ಲಿ ಆ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗವೂ ಆರಂಭವಾಯಿತು. ಮೂವತ್ತು ವರ್ಷ ಮೊದಲೇ ತರಬೇತಿಯ ಬೀಜ ಬಿತ್ತಿದ್ದರಿಂದ ಕಾರ್ಖಾನೆ ಇಲ್ಲಿಗೆ ಬಂತು ಎಂದರೆ ತಪ್ಪಾಗಲಾರದು.

ಎರಡನೇ ಮಹಾಯುದ್ಧ ಇಡೀ ದೇಶಕ್ಕೇ ಒಂದು ಪಾಠ ಕಲಿಸಿತು. ಯುದ್ಧಕ್ಕೆ ಫಿಟ್ಟರ್, ಟರ್ನರ್, ವೆಲ್ಡರ್‌ಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೇಕಾದರು. ತಂದೆಯಿಂದ ಮಗ ಕಲಿಯುವವರೆಗೆ ಕಾಯಲು ಸಮಯವಿರಲಿಲ್ಲ. 1940ರಲ್ಲಿ ಸರ್ಕಾರ ಯುದ್ಧಕಾಲದ ತಾಂತ್ರಿಕ ತರಬೇತಿ ಯೋಜನೆಯನ್ನು ಪ್ರಾರಂಭಿಸಿತು. 1941ರಲ್ಲಿ ಬ್ರಿಟನ್ನಿನ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಅವರ ಹೆಸರಿನ ಯೋಜನೆಯಲ್ಲಿ ಭಾರತದ ಯುವ ಕೆಲಸಗಾರರನ್ನು ಇಂಗ್ಲೆಂಡಿಗೆ ಕಳಿಸಿ ಅಲ್ಲಿಯ ಕಾರ್ಖಾನೆಗಳಲ್ಲಿ ತರಬೇತಿ ಕೊಡಿಸಿದರು. ರೈತನ ಮಗನನ್ನೂ ಕೆಲವು ತಿಂಗಳಲ್ಲಿ ಫಿಟ್ಟರ್ ಮಾಡಬಹುದು ಎಂಬುದು ಆಗ ಕಣ್ಣೆದುರಿಗೇ ಸಾಬೀತಾಯಿತು.

ಐ.ಟಿ.ಐ. ಎಂಬ ಹೊಸ ಬಾಗಿಲು

ಯುದ್ಧ ಮುಗಿದಾಗ ಸೈನಿಕರು ಮನೆಗೆ ಮರಳಿದರು. ಅವರಿಗೆ ಹೊಸ ಜೀವನೋಪಾಯ ಒದಗಿಸಲು 1945ರಲ್ಲಿ ಪುನರ್ವಸತಿ ಮತ್ತು ಉದ್ಯೋಗದ ನಿರ್ದೇಶನಾಲಯವನ್ನು ತೆರೆದರು. 1947ರಲ್ಲಿ ದೇಶ ವಿಭಜನೆಯಾದಾಗ ನಿರಾಶ್ರಿತರಿಗೂ ಅದೇ ತರಬೇತಿ ಸಿಕ್ಕಿತು. ಈ ಅನುಭವದ ಮೇಲೆ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಜಾರಿಗೆ ಬಂದು, ದೇಶದಲ್ಲಿ ಸುಮಾರು 50 ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐ.ಟಿ.ಐ.ಗಳು ತೆರೆದವು. 1956ರಲ್ಲಿ ಇವುಗಳ ಆಡಳಿತ ರಾಜ್ಯಗಳ ಕೈಗೆ ಬಂತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ತರಬೇತಿ ಪಡೆದವರನ್ನು ಇಷ್ಟು ಸಂಖ್ಯೆಯಲ್ಲಿ ಅಪ್ರೆಂಟಿಸ್‌ಗಳನ್ನಾಗಿ ತೆಗೆದುಕೊಳ್ಳಬೇಕು, ಅವರಿಗೆ ಸ್ಟೈಪೆಂಡ್ ಕೊಡಬೇಕು ಎಂದು ಕಾರ್ಖಾನೆಗಳಿಗೆ ಕಾನೂನು ಹೇಳಿತು.

ಇದೇ ಕಾಲದಲ್ಲಿ ಬೆಂಗಳೂರಿನ ಸುತ್ತ ಸಾರ್ವಜನಿಕ ಉದ್ದಿಮೆಗಳು ಸಾಲಾಗಿ ಬಂದವು. 1948ರಲ್ಲಿ ದೂರವಾಣಿ ತಯಾರಿಸುವ ಐ.ಟಿ.ಐ. ಕಾರ್ಖಾನೆ (ಹೆಸರು ಒಂದೇ ಆದರೂ ಇದು ಬೇರೆ), 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಎಚ್.ಎಂ.ಟಿ.ಗೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗವಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಕೈಗಡಿಯಾರ ತಯಾರಿಕೆಯೂ ಸೇರಿತು. ಗಡಿಯಾರದ ಸೂಕ್ಷ್ಮ ಜೋಡಣೆಯಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕೆಲಸ ಮಾಡಿದರು. ಮನೆಯ ಕಸುಬಿನಲ್ಲಿ ತೆರೆಯದ ಬಾಗಿಲು ಅವರಿಗೆ ಕಾರ್ಖಾನೆಯ ತರಬೇತಿಯಿಂದ ತೆರೆಯಿತು.

ಐ.ಟಿ.ಐ.ನಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಮ್ಮ ಪ್ರಶ್ನೆಯ ಉತ್ತರ ಇದರಲ್ಲಿಯೇ ಇದೆ. ಫಿಟ್ಟರ್ ಟ್ರೇಡಿಗೆ ಸೇರಿದ ಹುಡುಗನ ಕೈಗೆ ಮೊದಲು ಕೊಡುವುದು ಒಂದು ಕಬ್ಬಿಣದ ತುಂಡು ಮತ್ತು ಅರ. ಆ ತುಂಡಿನ ಮೈಯನ್ನು ಸಮತಟ್ಟು ಮಾಡಬೇಕು, ಪಕ್ಕಗಳು ಮೂಲೆಮಟ್ಟಕ್ಕೆ ಸರಿಯಾಗಿ ಕೂರಬೇಕು. ದಿನಗಟ್ಟಲೆ ಉಜ್ಜಿ ಅಂಗೈ ಬೊಬ್ಬೆ ಬರುತ್ತದೆ. ಇಷ್ಟರವರೆಗೆ ಉಸ್ತಾದರ ಪಾಠಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ಮಧ್ಯಾಹ್ನ ಅದೇ ಹುಡುಗ ತರಗತಿಯಲ್ಲಿ ಕುಳಿತು ವರ್ಕ್‌ಶಾಪ್ ಲೆಕ್ಕ ಮತ್ತು ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯುತ್ತಾನೆ. ಮಿಲಿಮೀಟರಿನ ಐವತ್ತರ ಒಂದು ಭಾಗವನ್ನು ವರ್ನಿಯರ್‌ನಲ್ಲಿ ಓದುತ್ತಾನೆ. ಹಾಳೆಯ ಮೇಲಿನ ನಕ್ಷೆಯನ್ನು ನೋಡಿ, ತಾನು ಎಂದೂ ಕಾಣದ ಭಾಗವನ್ನು ತಯಾರಿಸುತ್ತಾನೆ.

ಉಸ್ತಾದರ ಶಾಗಿರ್ದ್ ಕಂಡದ್ದನ್ನು ಮಾಡಬಲ್ಲ. ನಕ್ಷೆ ಓದಲು ಬಂದವನು ಕಾಣದ್ದನ್ನೂ ಮಾಡಬಲ್ಲ. ಹತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನವನ್ನು ಕೇಳುವುದಕ್ಕೆ ಇದೇ ಕಾರಣ. ಈ ಷರತ್ತು ಎಲ್ಲ ಟ್ರೇಡುಗಳಿಗೂ ಒಂದೇ ರೀತಿ ಇಲ್ಲ. ವೆಲ್ಡರ್, ವೈರ್‌ಮನ್, ಪ್ಲಂಬರ್‌ನಂತಹ ಕೆಲವು ಟ್ರೇಡುಗಳಿಗೆ ಎಂಟನೇ ತರಗತಿ ಪಾಸಾದವರನ್ನೂ ತೆಗೆದುಕೊಳ್ಳುತ್ತಾರೆ. ಇದು ನಮ್ಮಲ್ಲಿ ಬಹಳ ಪೋಷಕರಿಗೆ ತಿಳಿದೇ ಇಲ್ಲ.

ಒಳಗೆ ಹೋದವರು, ಹೊರಗೆ ಉಳಿದವರು

1950 ಮತ್ತು 60ರ ದಶಕಗಳಲ್ಲಿ ಈ ಬಾಗಿಲಿನಿಂದ ಒಳಹೋದ ಕುಟುಂಬಗಳನ್ನು ಇಂದು ನೋಡಿ. ಅಪ್ಪ ಫಿಟ್ಟರ್ ಆಗಿ ಸೇರಿದ. ಕಾರ್ಖಾನೆಯ ಕ್ವಾರ್ಟರ್ಸ್, ಆಸ್ಪತ್ರೆ, ಮಕ್ಕಳಿಗೆ ಶಾಲೆ, ನಿವೃತ್ತಿಯಾದಾಗ ಕೈಗೆ ಪಿ.ಎಫ್. ಹಣ ಸಿಕ್ಕಿತು. ಮಗಳು ಎಂಜಿನಿಯರ್ ಆದಳು. ಒಂದು ತಲೆಮಾರು ಪಡೆದ ತರಬೇತಿ ಮುಂದಿನ ತಲೆಮಾರಿಗೆ ಕಾಲೇಜಿನ ಬಾಗಿಲು ತೆರೆಯಿತು.

ನಮ್ಮ ಸಮುದಾಯದಲ್ಲಿ ಹೀಗೆ ಒಳಹೋದವರು ಇದ್ದರೂ ಹೊರಗೆ ಉಳಿದವರೇ ಹೆಚ್ಚು. ಕೈಯಲ್ಲಿ ಕಸುಬಿತ್ತು, ಶಾಲೆಯ ಕಾಗದವಿರಲಿಲ್ಲ. 2005ರಲ್ಲಿ ನೇಮಕವಾಗಿ 2006ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು ಇದನ್ನು ದೇಶದ ಮಟ್ಟದಲ್ಲಿ ಗುರುತಿಸಿತು. ಮುಸ್ಲಿಂ ಕೆಲಸಗಾರರು ಸ್ವಂತ ದುಡಿಮೆಯಲ್ಲಿ, ಮನೆಯಲ್ಲಿ ಕೂತು ಮಾಡುವ ಕೆಲಸದಲ್ಲಿ, ಬೀದಿ ವ್ಯಾಪಾರದಲ್ಲಿ ಹೆಚ್ಚಾಗಿದ್ದಾರೆ, ತಿಂಗಳ ಸಂಬಳದ ಖಾಯಂ ಕೆಲಸದಲ್ಲಿ ಕಡಿಮೆ ಇದ್ದಾರೆ ಎಂದು ಆ ವರದಿ ಹೇಳಿತು. ಇದಕ್ಕೆ ಕಾರಣಗಳು ಹಲವು. ಎಲ್ಲವೂ ನಮ್ಮ ತಪ್ಪಲ್ಲ, ತಾರತಮ್ಯವೂ ಇದೆ, ಬಡತನವೂ ಇದೆ. ಆದರೆ ನಮ್ಮ ಕೈಯಲ್ಲಿದ್ದ ಒಂದು ಕಾರಣವನ್ನು ಒಪ್ಪಿಕೊಳ್ಳಲೇಬೇಕು: ಮಗನ ಕೈ ಚುರುಕಾಗಿದೆ ಎಂದು ಕಂಡ ಕೂಡಲೇ ನಾವು ಶಾಲೆಯನ್ನು ಬಿಡಿಸಿದೆವು. ಈ ‘ನಾವು’ ಎಂಬುದರಲ್ಲಿ ಪೋಷಕರ ಜೊತೆ ನನ್ನಂತಹ ಶಿಕ್ಷಕರೂ ಸೇರಿದ್ದಾರೆ.

ಬದಲಾದ ಆಟ

1991ರ ಉದಾರೀಕರಣದ ನಂತರ ಆಟದ ನಿಯಮವೇ ಬದಲಾಯಿತು. ಒಂದು ಕಾರ್ಖಾನೆಗೆ ಸೇರಿ ಅಲ್ಲಿಯೇ ನಿವೃತ್ತಿಯಾಗುವ ಕಾಲ ಮುಗಿಯತೊಡಗಿತು. ದೇಶಕ್ಕೆ ಸಮಯ ತೋರಿಸಿದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯನ್ನೇ 2016ರಲ್ಲಿ ಮುಚ್ಚಬೇಕಾಯಿತು. ಅದೇ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬೆಳೆದವು. ಅಲ್ಲಿಯೂ ತರಬೇತಿ ತಪ್ಪಲಿಲ್ಲ. ಇನ್ಫೋಸಿಸ್ ಕಂಪನಿಯು ಹೊಸದಾಗಿ ಸೇರಿದ ಎಂಜಿನಿಯರುಗಳನ್ನು ಮೈಸೂರಿನ ತನ್ನ ಕೇಂದ್ರದಲ್ಲಿಟ್ಟು ತಿಂಗಳುಗಟ್ಟಲೆ ಕಲಿಸಿದ ಮೇಲೆಯೇ ಕೆಲಸಕ್ಕೆ ಹಚ್ಚುತ್ತಾ ಬಂದಿದೆ. ಡಿಗ್ರಿ ಇದ್ದವರೂ ಮತ್ತೆ ಶಾಗಿರ್ದರಾಗಬೇಕಾಯಿತು ಎಂದಾಯಿತು.

ಸರ್ಕಾರವೂ ಹೊಸದಾಗಿ ಯೋಚಿಸಿತು. 2009ರಲ್ಲಿ ಮೊದಲ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನೀತಿ, 2014ರಲ್ಲಿ ಪ್ರತ್ಯೇಕ ಸಚಿವಾಲಯ, 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಬಂದವು. ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಲಾಯಿತು. 2015ರ ಯೋಜನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ‘ಪೂರ್ವ ಕಲಿಕೆಗೆ ಮಾನ್ಯತೆ’ ಎಂಬ ಭಾಗ. ಗ್ಯಾರೇಜಿನಲ್ಲಿ, ಹೊಲಿಗೆ ಅಂಗಡಿಯಲ್ಲಿ, ಕಟ್ಟಡದ ಮೇಲೆ ನಿಂತು ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದು. ಉಸ್ತಾದರ ಪಾಠವನ್ನು ಸರ್ಕಾರ ಪಾಠವೆಂದು ಒಪ್ಪಿಕೊಂಡಂತಾಯಿತು. ಆದರೆ ಆ ಕಾಗದ ಇರುವ ಕೌಶಲಕ್ಕೆ ಸಾಕ್ಷಿ ಮಾತ್ರ, ಇಲ್ಲದ ಗಣಿತವನ್ನು ಅದು ಕಲಿಸಲಾರದು.

ಗ್ಯಾರೇಜಿನ ಹುಡುಗನಿಗೆ ಇದು ಇಂದು ಅನ್ನದ ಪ್ರಶ್ನೆ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಸ್ಕ್ಯಾನರ್ ಜೋಡಿಸಿ ಕೋಡ್ ಓದಿ ದೋಷ ಹುಡುಕಬೇಕು. ಎಲೆಕ್ಟ್ರಿಕ್ ಗಾಡಿಯಲ್ಲಂತೂ ಕಿವಿಗೊಟ್ಟು ಕೇಳಲು ಇಂಜಿನ್ನೇ ಇಲ್ಲ. ಶಬ್ದ ಕೇಳಿ ದೋಷ ಹೇಳುವ ಆ ಹುಡುಗನ ವಿದ್ಯೆ ನನ್ನ ಹಳೆಯ ಸ್ಕೂಟರಿನಂತಹ ಗಾಡಿಗಳು ಇರುವವರೆಗೆ ಮಾತ್ರ. ಉಸ್ತಾದರಿಗೂ ಇದು ಗೊತ್ತು. ‘ನಮ್ಮದು ಆಯ್ತು ಮಾಸ್ಟ್ರೇ, ಈ ಹುಡುಗರದ್ದೇ ಚಿಂತೆ’ ಎಂದು ಅವರೇ ನನ್ನ ಬಳಿ ಹೇಳಿದರು.

ನಾವು ಮಾಡಬೇಕಾದದ್ದು

ಈ ನೂರು ವರ್ಷಗಳ ಕಥೆಯಿಂದ ನನಗೆ ತಿಳಿದದ್ದು ಇಷ್ಟು. ದೇಶದ ಆರ್ಥಿಕತೆ ಬೆಳೆಯುವಾಗ ಬಾಗಿಲುಗಳು ತೆರೆಯುತ್ತವೆ, ಆದರೆ ಬಹಳ ಕಾಲ ತೆರೆದಿರುವುದಿಲ್ಲ. ಬಾಗಿಲು ತೆರೆದ ದಿನ ಯಾರು ಕಲಿತು ಸಿದ್ಧರಾಗಿ ನಿಂತಿರುತ್ತಾರೋ ಅವರು ಒಳಹೋಗುತ್ತಾರೆ. ಬರಿಯ ಕೈ ಸಾಲದು, ಬರಿಯ ಕಾಗದವೂ ಸಾಲದು.

ವಿದ್ಯಾರ್ಥಿ ಮಿತ್ರರೇ, ನಿಮಗೆ ಓದಿಗಿಂತ ಕೆಲಸದಲ್ಲಿ ಆಸಕ್ತಿ ಇದ್ದರೆ ನಾಚಿಕೆ ಪಡಬೇಡಿ. ಆದರೆ ಹತ್ತನೇ ತರಗತಿ ಮುಗಿಸದೆ ಶಾಲೆ ಬಿಡಬೇಡಿ, ಗಣಿತವನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ. ಚೆನ್ನಾಗಿ ಓದುವವರೇ, ಐ.ಟಿ.ಐ. ಎಂದರೆ ಫೇಲಾದವರ ಜಾಗ ಎಂದು ತಿಳಿಯಬೇಡಿ. ಈ ನಾಡಿನ ವಿಮಾನ, ದೂರವಾಣಿ, ಗಡಿಯಾರಗಳನ್ನು ಕಟ್ಟಿದ ಕೈಗಳಲ್ಲಿ ಅನೇಕವು ಅಲ್ಲಿ ಪಳಗಿದವು.

ಸಂಘದ ಹಿರಿಯರಲ್ಲಿ ನನ್ನದೊಂದು ಬಿನ್ನಹ. ರ‍್ಯಾಂಕ್ ಬಂದ ಮಕ್ಕಳನ್ನು ನಾವು ಪ್ರತಿ ವರ್ಷ ಸನ್ಮಾನಿಸುತ್ತೇವೆ, ಅದು ನಡೆಯಲಿ. ಅದರ ಜೊತೆಗೆ ನಮ್ಮ ಊರಿನ ಗ್ಯಾರೇಜು, ವೆಲ್ಡಿಂಗ್ ಶಾಪು, ಹೊಲಿಗೆ ಅಂಗಡಿಗಳಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟಿದ್ದಾರೆ ಎಂದು ಒಂದು ಪಟ್ಟಿ ಮಾಡೋಣ. ಅವರಿಗೆ ರಾತ್ರಿ ಒಂದು ಗಂಟೆ ಪಾಠ ಹೇಳಿ, ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟಿಸೋಣ. ಕರಿಹಲಗೆ ಮತ್ತು ಒಂದು ಕೋಣೆ ಸಾಕು, ಪಾಠ ಹೇಳಲು ನನ್ನಂತಹ ನಾಲ್ವರು ಸಿಗುತ್ತಾರೆ.

ನನ್ನ ಮಟ್ಟಿಗೆ ನಾನು ಪ್ರಾರಂಭಿಸಿದ್ದೇನೆ. ಆ ಹುಡುಗ ಈ ವರ್ಷ ಪರೀಕ್ಷೆಗೆ ಕಟ್ಟಿದ್ದಾನೆ. ವಾರಕ್ಕೆ ನಾಲ್ಕು ದಿನ ಗ್ಯಾರೇಜು ಮುಚ್ಚಿದ ಮೇಲೆ ನಮ್ಮ ಮನೆಗೆ ಬರುತ್ತಾನೆ. ಕನ್ನಡ ಮತ್ತು ಉರ್ದು ನಾನು ಹೇಳಿಕೊಡುತ್ತೇನೆ, ಗಣಿತಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಬರುತ್ತಾರೆ. ಪುಸ್ತಕದ ಅಂಚಿಗೆಲ್ಲ ಗ್ರೀಸಿನ ಬೆರಳಚ್ಚು ಮೂಡಿದೆ. ಬೀಜಗಣಿತ ಇನ್ನೂ ತೊಡಕಾಗಿದೆ. ಆದರೆ ಮೊನ್ನೆ ವೃತ್ತದ ಪರಿಧಿಯ ಲೆಕ್ಕ ಬಂದಾಗ ‘ಇದು ನಮ್ಮ ಟೈರ್ ಸೈಜ್ ಲೆಕ್ಕ ಅಲ್ವಾ ಸರ್?’ ಎಂದು ಕೇಳಿ, ನಮಗಿಂತ ಮೊದಲೇ ಉತ್ತರ ಬರೆದು ತೋರಿಸಿದ.